ತುಂಡು ಉಲ್ಲನ್ನಿನ ದುರ್ಗಕ್ಕ

ಜಗಲಿಗೆ ಬಂದು ಕುಳಿತ ಹೆಂಗಸು ಮಾತಿನ ನಡುವೆ ಸೆರಗಿನ ಗಂಟಿಗೆ ಕೈ ಹಾಕಿದಳೆಂದರೆ ದುರ್ಗಿಗೆ ಮೈ ಉರಿಯತೊಡಗುತ್ತಿತ್ತು. ಆ ಗಂಟಿನಲ್ಲಿ ಏನಿರುತ್ತದೆಂದು ಬಿಚ್ಚುವ ಮೊದಲೇ ಅವಳಿಗೆ ಗೊತ್ತು. ಇಲಿ ಕಡಿದ ಮಫ್ಲರಿನ ಅರ್ಧ, ಮುಂಬಯಿಯಿಂದ ಬಂದ ಯಾರದೋ ಸ್ವೆಟರಿನ ಬಿಚ್ಚಿದ ತೋಳು, ಮಗುವಿನ ಕುಲಾವಿ ಮುಗಿಸಿ ಮಿಕ್ಕ ಗೇಣುದ್ದದ ಎಳೆಗಳು. ಎಲ್ಲ ಒಂದಕ್ಕೊಂದು ಸಿಕ್ಕುಬಿದ್ದು, ನಡುವೆ ಒಂದು ತಲೆಗೂದಲು, ಒಂದು ಗುಂಡಿ, ಕೆಲವೊಮ್ಮೆ ಒಣಗಿದ ಜಿರಲೆ.

“ಸುಮ್ನೆ ಬಿದ್ದಿತ್ತು ದುರ್ಗಕ್ಕ. ಬಿಸಾಕೂಕೆ ಮನಸ್ಸು ಬರ್ಲಿಲ್ಲ. ಒಂದು ಸಣ್ಣ ತೋರಣ ಮಾಡಿ ಕೊಡ್ತೆಯಾ?”

“ಸಣ್ಣದು ಅಂದ್ರೆ?”

“ಬಾಗ್ಲಿಗೆ ಆಗುವಷ್ಟು.”

“ಯಾವ ಬಾಗ್ಲಿಗೆ? ಬೆಕ್ಕು ನುಗ್ಗೂ ಬಾಗ್ಲಿಗಾ? ಇದ್ರಲ್ಲಿ ಒಂದು ಹೂವು ಆದ್ರೆ ಹೆಚ್ಚು. ಸಿಕ್ಕು ಬಿಡಿಸೂಕೇ ಒಂದು ಹೊತ್ತು ಬೇಕು. ನಾನು ಕೆಲ್ಸ ಇಲ್ದೆ ಕೂತವಳು ಅಂತ ನಿಮಗೆಲ್ಲ ಯಾರು ಹೇಳಿದ್ದು?”

ಹೀಗೆ ಬಯ್ಯುತ್ತಿರುವಾಗಲೇ ಅವಳ ಕೈ ಮುಂದೆ ಹೋಗಿಬಿಟ್ಟಿರುತ್ತಿತ್ತು. ಬಂದವಳು ಮೆಟ್ಟಿಲಿಳಿದು ಬೀದಿ ಸೇರುವ ಹೊತ್ತಿಗೆ ದುರ್ಗಿ ಆ ಸಿಕ್ಕಿನೊಳಗಿಂದ ಕುಂಕುಮ ಬಣ್ಣದ ಒಂದು ಎಳೆಯನ್ನು ಹುಡುಕಿ ಬೆರಳಿಗೆ ಸುತ್ತಿಕೊಂಡಾಗಿರುತ್ತಿತ್ತು. ಆಮೇಲೆ ತನ್ನ ಮೇಲೆಯೇ ಸಿಟ್ಟು. ಇಲ್ಲ ಎನ್ನಲು ಬಾರದ ಈ ಕೈಯನ್ನು ಎಲ್ಲಿಯಾದರೂ ಕಟ್ಟಿಹಾಕಬೇಕು ಎಂದು ಗೊಣಗುತ್ತ ಅವಳು ಎಳೆಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡಿ ತೆಂಗಿನ ಗೆರಟೆಗಳಲ್ಲಿ ತುಂಬುತ್ತಿದ್ದಳು. ಅಡುಗೆಮನೆಯ ಹಿಂದಿನ ಕತ್ತಲೆಕೋಣೆಯಲ್ಲಿ ಗೋಡೆಯುದ್ದಕ್ಕೂ ಆ ಗೆರಟೆಗಳ ಸಾಲು. ಆ ಕೋಣೆಯಲ್ಲಿ ಬಣ್ಣ ಎಂಬುದು ಇದ್ದದ್ದು ಅವುಗಳಲ್ಲಿ ಮಾತ್ರ. ದುರ್ಗಿ ಉಡುತ್ತಿದ್ದುದು ಅಂಚಿಲ್ಲದ ಮಾಸಲು ಬಿಳಿ ಸೀರೆ.

ದುರ್ಗಿ ಹುಟ್ಟಿದ್ದು ಇದೇ ಹೊನ್ನಾವರದ ಮನೆಯಲ್ಲಿ, ಶರಾವತಿ ದಾಟಿಸುವ ತಾರಿದೋಣಿಗೆ ಇಳಿದುಹೋಗುವ ದಾರಿಯ ಬದಿಯಲ್ಲಿ. ಮದುವೆಯಾಗಿ ಹೋದದ್ದು ಭಟ್ಕಳಕ್ಕೆ. ಗಂಡ ಕುಪ್ಪ ಸರಕಿನ ಮಚವೆಯಲ್ಲಿ ಕೆಲಸಕ್ಕಿದ್ದ. ಮಂಗಳೂರಿನಿಂದ ಹಂಚು ತುಂಬಿಕೊಂಡು ಬರುವ ಹಾಯಿಹಡಗು ಅದು. ಅವನು ಮನೆಯಲ್ಲಿರುತ್ತಿದ್ದ ದಿನಗಳಿಗಿಂತ ನೀರಿನ ಮೇಲಿರುತ್ತಿದ್ದ ದಿನಗಳೇ ಹೆಚ್ಚು. ಹಿತ್ತಲ ಬೇಲಿಯಾಚೆ ನವಾಯತ ಮುಸ್ಲಿಮರ ದೊಡ್ಡ ಮನೆಯೊಂದಿತ್ತು. ಆ ಮನೆಯ ಗಂಡಸರು ಕೊಲಂಬೊ, ಮದರಾಸು ಎಂದು ವ್ಯಾಪಾರಕ್ಕೆ ಹೋಗಿ, ಊರಿಗೆ ಬರುವಾಗ ಪೆಟ್ಟಿಗೆಯಲ್ಲಿ ಬಣ್ಣಬಣ್ಣದ ಉಲ್ಲನ್ ತರುತ್ತಿದ್ದರು. ಮದುವೆಯ ವಯಸ್ಸಿಗೆ ಬಂದ ಹುಡುಗಿಯರು ಅದರಲ್ಲಿ ದಿಂಬಿನ ಚೀಲ, ಬೀಸಣಿಗೆಯ ಅಂಚು, ಕನ್ನಡಿಯ ಮುಸುಕು ಹೆಣೆದು ಪೆಟ್ಟಿಗೆ ತುಂಬಿಸುತ್ತಿದ್ದರು. ಅಕ್ಕಿ ಆರಿಸಿಕೊಡಲು ಆ ಮನೆಗೆ ಹೋಗುತ್ತಿದ್ದ ದುರ್ಗಿಯ ಕಣ್ಣು ಮೊರದ ಮೇಲೆ ನಿಲ್ಲುತ್ತಿರಲಿಲ್ಲ. ಮನೆಯ ಹಿರಿಯಳು ಆಮಿನಾಬಿ ಅದನ್ನು ಕಂಡು, ಒಂದು ದಿನ ಮೊರ ಕಿತ್ತಿಟ್ಟು, ತುದಿಯಲ್ಲಿ ಕೊಕ್ಕೆಯಿದ್ದ ಹಿತ್ತಾಳೆ ಕಡ್ಡಿಯೊಂದನ್ನು ಅವಳ ಕೈಗೆ ಕೊಟ್ಟಳು. ಆಮಿನಾಬಿಯ ಮಾತು ಅವಳಿಗೆ ಮೊದಮೊದಲು ಅರ್ಧವೇ ತಿಳಿಯುತ್ತಿತ್ತು. ಕಲಿಯಲು ಅಷ್ಟು ಸಾಕಾಯಿತು. ಕುಣಿಕೆ ತಪ್ಪಿದರೆ ಬೆರಳ ಗೆಣ್ಣಿಗೆ ಒಂದು ಏಟು ಬೀಳುತ್ತಿತ್ತು, ಅದಕ್ಕೆ ಯಾವ ಭಾಷೆಯೂ ಬೇಕಿರಲಿಲ್ಲ.

ಒಂದು ಸಲ ಮಂಗಳೂರಿಗೆ ಹೋದ ಮಚವೆ ಕುಪ್ಪನಿಲ್ಲದೆ ಮರಳಿತು. ಜ್ವರ ಬಂದು ಅಲ್ಲಿಯೇ ತೀರಿಕೊಂಡನೆಂದು ಮಚವೆ ನಡೆಸುವ ತಂಡೇಲ ಬಂದು ಹೇಳಿ, ಅಂಗಳದಲ್ಲಿ ನಿಂತೇ ಹೊರಟುಹೋದ. ದುರ್ಗಿಗೆ ಅಳು ಬರುವ ಮೊದಲು ಸಿಟ್ಟು ಬಂತು. ಹೇಳದೆ ಕೇಳದೆ ಹೀಗೆ ಹೋಗುವವನು ಯಾಕೆ ತನ್ನನ್ನು ಕಟ್ಟಿಕೊಳ್ಳಬೇಕಿತ್ತು? ಬಳೆ ಒಡೆದವರ ಮೇಲೆ, ಕುಂಕುಮ ಒರೆಸಿದವರ ಮೇಲೆ, ಪಾಪ ಪಾಪ ಎನ್ನುತ್ತ ದೂರದಿಂದಲೇ ನೋಡಿದವರ ಮೇಲೆ, ಎಲ್ಲರ ಮೇಲೂ ಸಿಟ್ಟು. ಇನ್ನೂ ಸರಿಯಾಗಿ ಸೀರೆ ಉಡಲು ಬಾರದ ವಯಸ್ಸು ಅವಳದು. ಅಣ್ಣ ಮಾಬ್ಲೇಶ್ವರ ಬಂದು ಕರೆದುಕೊಂಡು ಹೊರಟ ದಿನ ಆಮಿನಾಬಿ ಬೇಲಿಯ ಮೇಲಿಂದ ಒಂದು ಚೀಲ ದಾಟಿಸಿದಳು. ಒಳಗೆ ಆ ಹಿತ್ತಾಳೆ ಕಡ್ಡಿ, ಮತ್ತು ಮನೆಯ ಹುಡುಗಿಯರೆಲ್ಲ ಹೆಣೆದು ಮಿಗಿಸಿದ ತುಂಡು ಉಲ್ಲನ್.

ಅಂದಿನಿಂದ ದುರ್ಗಿಯ ಕೈ ಸುಮ್ಮನೆ ಕುಳಿತದ್ದಿಲ್ಲ, ಬಾಯಿಯೂ ಇಲ್ಲ. ಲಾವಂಚದ ಬೀಸಣಿಗೆಗೆ ಬಣ್ಣದ ಅಂಚು, ತೊಟ್ಟಿಲಿಗೆ ಗಿಳಿಗಳ ಗೊಂಚಲು, ದೀಪಾವಳಿಗೆ ಆಕಳ ಕೊರಳಿಗೆ ಗೊಂಡೆಯ ಪಟ್ಟಿ, ದೇವರ ಮುಂದೆ ಹಾಸುವ ಚೌಕ. ಒಂದೊಂದರಲ್ಲೂ ಹತ್ತಾರು ಮನೆಗಳ ಚೂರು ಸೇರಿರುತ್ತಿತ್ತು. ಎರಡು ಬಣ್ಣ ಜಗಳವಾಡುತ್ತವೆ ಎಂದು ಯಾರಿಗಾದರೂ ಅನಿಸಿದರೆ ದುರ್ಗಿ ಅವುಗಳ ನಡುವೆ ಕಪ್ಪಿನ ಒಂದು ಗೆರೆ ಎಳೆದು ರಾಜಿ ಮಾಡಿಸುತ್ತಿದ್ದಳು. ಊರಿಗೆಲ್ಲ ಅವಳ ತೋರಣವೆಂದರೆ ಇಷ್ಟ. ಅವಳ ಮಾತೆಂದರೆ ಅಷ್ಟಕ್ಕಷ್ಟೆ.

ತೊಂದರೆ ಶುರುವಾದದ್ದು ಮದುವೆ ತೋರಣಗಳಿಂದ. ಆ ಮಾತನ್ನು ಮೊದಲು ಯಾರು ತೆಗೆದರೋ, ಮದುವೆಯ ಬಾಗಿಲಿಗೆ ಕಟ್ಟುವ ತೋರಣ ಪೂರ್ತಿ ವಿಧವೆಯ ಕೈಯಿಂದ ಆಗಬಾರದು, ಕಡೆಯ ಗಂಟನ್ನಾದರೂ ಮುತ್ತೈದೆ ಹಾಕಬೇಕು ಎಂದಾಯಿತು. ಒಬ್ಬಳು ಹೇಳಿದ್ದು ನಾಲ್ಕು ಜನರ ಬಾಯಲ್ಲಿ ಹಳೆಯ ಕಾಲದ ಪದ್ಧತಿಯಾಗಿಬಿಟ್ಟಿತು. ಮುತ್ತೈದೆಯನ್ನು ಹುಡುಕಿ ದೂರ ಹೋಗಬೇಕಾಗಿರಲಿಲ್ಲ. ಮಾಬ್ಲೇಶ್ವರನ ಹೆಂಡತಿ ಹೊನ್ನಮ್ಮ ಮನೆಯಲ್ಲೇ ಇದ್ದಳು. ದುರ್ಗಿ ವಾರಗಟ್ಟಲೆ ಕೂತು ಹೆಣೆದು ಕಡೆಯ ಕುಣಿಕೆಯನ್ನು ತೆರೆದಿಟ್ಟು ಕೊಟ್ಟರೆ ಹೊನ್ನಮ್ಮ ಕೈ ತೊಳೆದುಕೊಂಡು ಬಂದು, ಬಾಲದ ಎಳೆಯನ್ನು ಕುಣಿಕೆಯೊಳಗೆ ತೂರಿಸಿ ಬಿಗಿದು, ಹಣೆಗೊತ್ತಿಕೊಂಡು ಎತ್ತಿಕೊಡುತ್ತಿದ್ದಳು. ತೋರಣ ಒಯ್ಯಲು ಬಂದವರು ಹೊನ್ನಮ್ಮನಿಗೆ ರವಿಕೆಯ ಖಣ, ತೆಂಗಿನಕಾಯಿ ಕೊಟ್ಟು ನಮಸ್ಕಾರ ಮಾಡುತ್ತಿದ್ದರು. ದುರ್ಗಿಗೆ ಹಿಂದಿನ ಬಾಗಿಲಲ್ಲಿ ಒಂದಿಷ್ಟು ಅವಲಕ್ಕಿ, ಜತೆಗೆ ಇನ್ನೊಂದು ಸಿಕ್ಕುಗಂಟು.

“ಸಾವಿರ ಕುಣಿಕೆ ನನ್ನ ಕೈಯಲ್ಲಿ ಆಗ್ತದೆ, ಒಂದು ಗಂಟು ಆಗೂದಿಲ್ವಾ?” ಎಂದು ದುರ್ಗಿ ಒಮ್ಮೆ ಕೇಳಿಯೇಬಿಟ್ಟಳು.

“ನನ್ನ ಎಂತಕ್ಕೆ ಕೇಳ್ತೆ? ಶಾಸ್ತ್ರ ನಾನು ಬರೆದದ್ದಾ?” ಹೊನ್ನಮ್ಮ ಹೊಸ ಖಣವನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು.

“ಶಾಸ್ತ್ರದಲ್ಲಿ ಉಲ್ಲನ್ ಎಲ್ಲಿ ಬಂತೇ ಅತ್ಗೆ?”

ಹೊನ್ನಮ್ಮ ಕೆಟ್ಟವಳಲ್ಲ. ನಾದಿನಿಗೆ ಊಟಕ್ಕೆ ಕಡಿಮೆ ಮಾಡಿದವಳಲ್ಲ, ಜ್ವರ ಬಂದಾಗ ಕಷಾಯ ಕುದಿಸಿಕೊಟ್ಟವಳು. ಆದರೆ ದುರ್ಗಿಯನ್ನು ಕೇಳದೆಯೇ ಬೀದಿಯವರ ತೋರಣಗಳನ್ನೆಲ್ಲ ಒಪ್ಪಿಕೊಂಡು ಬರುವುದು ಅವಳ ಚಾಳಿ. “ನಮ್ಮ ದುರ್ಗಿ ಮಾಡಿಕೊಡ್ತದೆ ಬಿಡಿ” ಎನ್ನುವ ಅವಳ ಮಾತು ದೂರದಿಂದ ಕಿವಿಗೆ ಬಿದ್ದರೂ ದುರ್ಗಿ ಹಣೆ ಚಚ್ಚಿಕೊಳ್ಳುತ್ತಿದ್ದಳು.

ಆಮೇಲೆ ಯುದ್ಧ ಬಂತು. ಮುಂಬಯಿಯಿಂದ ಬರುತ್ತಿದ್ದ ಆಗಬೋಟು ಎಂಬ ಉಗಿಹಡಗುಗಳು ಕಡಿಮೆಯಾದವು. ಸಕ್ಕರೆಗೆ ಕಂಟ್ರೋಲು, ಸೀಮೆಎಣ್ಣೆಗೆ ಕಂಟ್ರೋಲು, ಬಟ್ಟೆಗೂ ಕಂಟ್ರೋಲು. ಅಂಗಡಿಯಲ್ಲಿ ಉಲ್ಲನ್ ಎಂಬ ಪದವೇ ಮರೆತುಹೋಯಿತು. ಇನ್ನಾದರೂ ತನಗೆ ಬಿಡುವು ಸಿಕ್ಕೀತು ಎಂದು ದುರ್ಗಿ ಅಂದುಕೊಂಡಿದ್ದಳು. ಆದದ್ದು ತಿರುಗುಮುರುಗು. ಹೊಸದು ಸಿಗದ ಮೇಲೆ ಜನ ಹಳೆಯದನ್ನೆಲ್ಲ ಪೆಟ್ಟಿಗೆಯ ತಳದಿಂದ ಕೆದಕಿ ತಂದರು. ಚೂರುಗಳಿಂದ ಚೆಂದ ಮಾಡಬಲ್ಲವಳು ದುರ್ಗಕ್ಕ ಒಬ್ಬಳೇ ಎಂಬ ಮಾತು ಕುಮಟೆಯವರೆಗೂ ಹೋಯಿತು.

ಕುಮಟೆಯ ಬಟ್ಟೆ ವ್ಯಾಪಾರಿ ತ್ರ್ಯಂಬಕರ ಹೆಂಡತಿ ದೇವಿಯಮ್ಮ ಬಂದದ್ದು ಹಾಗೆ. ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಬಂದಿಳಿದ ಅವಳ ಮುಖಕ್ಕೆ ಮಸಿ ಹತ್ತಿತ್ತು, ಕೈಯಲ್ಲಿ ದಿಂಬಿನ ಚೀಲದ ತುಂಬ ಚೂರು ಉಲ್ಲನ್. ವೈಶಾಖದಲ್ಲಿ ಮಗಳ ಮದುವೆ, ಭಟ್ಕಳದ ಕಡೆಯ ಹುಡುಗ, ಮುಂಬಯಿಯಲ್ಲಿ ರೇಲ್ವೆ ಆಫೀಸಿನಲ್ಲಿದ್ದಾನೆ. ಚಪ್ಪರದ ಎದುರಿಗೆ ಈ ಕಡೆಯಿಂದ ಆ ಕಡೆಯವರೆಗೆ ತೋರಣ ಬೇಕು.

ದುರ್ಗಿ ಇಲ್ಲ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಹೊನ್ನಮ್ಮ ಹ್ಞೂ ಎಂದಾಗಿತ್ತು.

ದೇವಿಯಮ್ಮನಿಗೆ ಮೊದಲು ಗಿಳಿಗಳು ಬೇಕಿದ್ದವು. ಅರ್ಧ ಸಾಲು ಗಿಳಿ ಮುಗಿದ ಮೇಲೆ, ಗಿಳಿ ಎಲ್ಲರ ಮನೆಯಲ್ಲೂ ಇರುತ್ತದೆ, ಆನೆ ಮಾಡು ಎಂದು ಹೇಳಿಕಳಿಸಿದಳು. ಗಿಳಿ ಬಿಚ್ಚಿ ಆನೆ ಮಾಡಿದ್ದಾಯಿತು. ದೇವಿಯಮ್ಮ ಮತ್ತೆ ಬಸ್ಸು ಹತ್ತಿ ತಾನೇ ಬಂದಳು.

“ಆನೆ ಕಪ್ಪಾಯ್ತಲ್ಲೇ ದುರ್ಗಿ. ಮದುವೆಗೆ ಕಪ್ಪು ಆಗೂದಿಲ್ಲ.”

“ಆನೆ ಮತ್ತೆಂತ ಬಣ್ಣ ಇರ್ತದಮ್ಮ?”

“ಅದೇ ಹೇಳೂದು, ಆನೆ ಬೇಡ. ಚೌಕ ಚೌಕ ಮಾಡಿ ಬಣ್ಣ ತುಂಬು. ನಡೂಗೆ ದೊಡ್ಡದಾಗಿ ಸುಸ್ವಾಗತ ಅಂತ ಅಕ್ಷರ ಹಾಕು. ನಮ್ಮ ಬೀಗರು ಓದಿದ ಜನ.”

ದುರ್ಗಿ ಹಲ್ಲು ಕಚ್ಚಿ ಆನೆಗಳನ್ನು ಬಿಚ್ಚಿದಳು. ಒಂದೇ ಉಲ್ಲನ್ನನ್ನು ಇಷ್ಟು ಸಲ ಬಿಚ್ಚಿ ಹೆಣೆದರೆ ಅದು ತೆಂಗಿನ ನಾರಿನಂತಾಗುತ್ತದೆ. ಅದನ್ನು ಯಾರಿಗೆ ಹೇಳುವುದು? ಅವಳಿಗೆ ಓದು ಬರುತ್ತಿದ್ದುದು ಅಷ್ಟಕ್ಕಷ್ಟೇ. ಮಾಬ್ಲೇಶ್ವರ ಸೀಮೆಸುಣ್ಣದಿಂದ ಅಡುಗೆಮನೆಯ ನೆಲದ ಮೇಲೆ ನಾಲ್ಕು ಅಕ್ಷರ ಬರೆದುಕೊಟ್ಟ. ಸ್ವಾ ಎಂಬುದರ ಕೆಳಗಿನ ಒತ್ತು ಅವಳ ಪ್ರಾಣ ಹಿಂಡಿತು. ಒಂದು ಸಲ ಇಲಿಯ ಬಾಲದಂತಾಯಿತು, ಇನ್ನೊಂದು ಸಲ ಚೌಕದಿಂದ ಹೊರಗೇ ಜಾರಿತು. ಅಂತೂ ಹಳದಿ ನೆಲದ ಮೇಲೆ ಕೆಂಪು ಅಕ್ಷರಗಳು ಎದ್ದು ನಿಂತವು. ನಾಲ್ಕು ಅಕ್ಷರಕ್ಕೆ ನಾಲ್ಕು ದೊಡ್ಡ ಚೌಕ, ಅವುಗಳ ಎರಡೂ ಬದಿಗೆ ನೀಲಿ, ಹಸಿರು, ಬಾಳೆಹೂವಿನ ಬಣ್ಣದ ಸಣ್ಣ ಚೌಕಗಳು. ಮುಗಿದ ಚೌಕಗಳನ್ನು ಚಾಪೆಯ ಮೇಲೆ ಹರಡಿ ನೋಡಿದಾಗ ದುರ್ಗಿಗೆ ತನ್ನ ಸಿಟ್ಟು ಒಂದು ಗಳಿಗೆ ಮರೆತುಹೋಯಿತು. ಹೊನ್ನಮ್ಮ ಕೂಡ ಬಾಗಿಲಲ್ಲಿ ನಿಂತು, “ಅಯ್ಯಬ್ಬ, ಚಂದ ಅದೆ ಮಾರಾಯ್ತಿ” ಎಂದಳು.

ತೋರಣವನ್ನು ಇಡಿಯಾಗಿ ಒಯ್ಯುವಂತಿರಲಿಲ್ಲ. ಚಪ್ಪರದ ಅಳತೆ ಅಲ್ಲೇ ನೋಡಿ ಕೂಡಿಸಬೇಕು ಎಂದು ದೇವಿಯಮ್ಮ ದುರ್ಗಿಯನ್ನು ಮದುವೆಗೆ ಮೊದಲೇ ಕುಮಟೆಗೆ ಕರೆಸಿಕೊಂಡಳು. ಇಳಿದುಕೊಳ್ಳಲು ಕೊಟ್ಟದ್ದು ಹಿತ್ತಲಿನ ಸೌದೆಮನೆಯ ಪಕ್ಕದ ಕೋಣೆ. ಅಲ್ಲಿ ಕುಳಿತು ದುರ್ಗಿ ಮೇಲಿನ ಪಟ್ಟಿ ಹೆಣೆದಳು. ಆ ಪಟ್ಟಿಗೆ ಚೌಕಗಳನ್ನೆಲ್ಲ ಒಂದೇ ಉದ್ದನೆಯ ದಾರದಿಂದ, ಬಲತುದಿಯಿಂದ ಎಡತುದಿಗೆ, ಕುಣಿಕೆಯಲ್ಲಿ ಕುಣಿಕೆ ಕೋದು ಕೂಡಿಸುತ್ತ ಬಂದಳು. ಎಡತುದಿಗೆ ಬಂದ ಮೇಲೆ ಬೇಕಾದದ್ದು ಒಂದೇ ಒಂದು ಗಂಟು.

“ಅಲ್ಲಿಗೇ ಬಿಡು” ಎಂದಳು ದೇವಿಯಮ್ಮ. “ಕಡೆ ಗಂಟು ನಮ್ಮ ಅತ್ತಿಗೆ ಹಾಕ್ತಾರೆ. ದಿಬ್ಬಣ ಬರೂ ಹೊತ್ತಿಗೆ ಎಲ್ಲರೆದುರಿಗೆ ಹಾಕ್ಸೂದು.”

ಅತ್ತಿಗೆ ಎಂದರೆ ತ್ರ್ಯಂಬಕರ ಅಕ್ಕ, ಕತಗಾಲದ ತಿಮ್ಮಕ್ಕ. ತುಂಬಿದ ಮನೆ, ಗಂಡ, ಮಕ್ಕಳು, ಮೊಮ್ಮಕ್ಕಳಿರುವ ದೊಡ್ಡ ಮುತ್ತೈದೆ. ಯಾವ ಮದುವೆಯಾದರೂ ಮೊದಲ ಅರಿಸಿನ ಅವಳ ಕೈಯಿಂದಲೇ ಆಗಬೇಕು.

“ಎಲ್ಲರೆದುರಿಗೆ ಬೇಡಮ್ಮ” ಎಂದಳು ದುರ್ಗಿ. “ತೆರೆದ ಕುಣಿಕೆ ಇದು. ಇಗಾ ನೋಡಿ, ಈ ಬಾಲದ ತುದಿಯನ್ನ ಈ ಕುಣಿಕೆಯೊಳಗೆ ಹಾಕಿ ಬಿಗಿಬೇಕು. ಅದು ಬಿಟ್ಟು ಬಾಲವನ್ನ ಹಾಗೇ ಎಳೆದ್ರೆ...”

“ಗಂಟು ಹಾಕೂದು ನಮಗೆ ಗೊತ್ತಿಲ್ವಾ? ನಿಂಗೆ ಎಲ್ಲದಕ್ಕೂ ಒಂದು ಮಾತು ಇರ್ತದೆ.”

“ಇವತ್ತೇ ಹಾಕ್ಸಿ ಬಿಡಿ. ನಾನು ತೋರಿಸಿ ಕೊಡ್ತೆ.”

“ನೀನು ಅಲ್ಲಿ ನಿಂತು ತೋರಿಸೂದಾ? ಚಪ್ಪರದಲ್ಲಿ?”

ದೇವಿಯಮ್ಮನ ಆ ಮಾತಿನಲ್ಲಿ ಬಿರುಸಿರಲಿಲ್ಲ, ಆಶ್ಚರ್ಯವೇ ಇತ್ತು. ದುರ್ಗಿಗೆ ಕಿವಿಯವರೆಗೂ ಬಿಸಿಯೇರಿತು. ಆತು ಹಾಗಾದ್ರೆ ಎಂದು ಅವಳು ತೆಂಗಿನ ಗರಿಯಿಂದ ಒಂದು ಕಡ್ಡಿ ಸೀಳಿ, ಕುಣಿಕೆ ಜಾರದಂತೆ ಅದರೊಳಗೆ ಸಿಕ್ಕಿಸಿಟ್ಟಳು. ಆಳುಗಳು ಬಂದು ತೋರಣ ಒಯ್ದು ಚಪ್ಪರದ ಮುಂದೆ ಕಟ್ಟಿದರು. ಕಟ್ಟಿದ್ದು ಹೇಗೆ ಕಾಣುತ್ತದೆ ಎಂದು ನೋಡಲು ಕೂಡ ಅವಳನ್ನು ಯಾರೂ ಕರೆಯಲಿಲ್ಲ.

ಮದುವೆಯ ದಿನ ಅವಳು ಹಿತ್ತಲಲ್ಲಿ ಬಾಳೆಲೆ ಒರೆಸುತ್ತಿದ್ದಳು. ಬೀದಿಯ ತುದಿಯಲ್ಲಿ ವಾಲಗ ಕೇಳಿಸಿತು. ಮನೆಯವರೆಲ್ಲ ಮುಂದಕ್ಕೆ ಓಡಿದರು. ಕೆಲಸದ ಹುಡುಗಿ ಬೆಳ್ಳಿಯೂ ಒದ್ದೆ ಕೈ ಸೀರೆಗೆ ಒರೆಸಿಕೊಳ್ಳುತ್ತ ಓಡಿತು. ದುರ್ಗಿ ಒಬ್ಬಳೇ ಎಲೆಗಳ ರಾಶಿಯ ಮುಂದೆ ಉಳಿದಳು. ಈಗ ಹಾಕುತ್ತಿರಬಹುದು, ಈಗ ಬಿಗಿಯುತ್ತಿರಬಹುದು ಎಂದು ಅವಳ ಬೆರಳುಗಳು ತಾವೇ ಗಾಳಿಯಲ್ಲಿ ಗಂಟು ಹಾಕುತ್ತಿದ್ದವು.

ಮುಂದೆ ನಡೆದದ್ದನ್ನು ಬೆಳ್ಳಿ ಆಮೇಲೆ ವರ್ಷಗಟ್ಟಲೆ ಎಲ್ಲರಿಗೂ ಹೇಳಿ ನಗಿಸಿತು. ದಿಬ್ಬಣ ಚಪ್ಪರಕ್ಕೆ ಮುಟ್ಟಿತ್ತು. ತಿಮ್ಮಕ್ಕ ಹೊಸ ಪತ್ತಲ ಉಟ್ಟು ಬೆಂಚಿನ ಮೇಲೆ ಹತ್ತಿ ನಿಂತಳು. ಮೊದಲು ಕಣ್ಣಿಗೆ ಬಿದ್ದದ್ದು ತೆಂಗಿನ ಗರಿಯ ಕಡ್ಡಿ. “ಶುಭ ಕಾರ್ಯದಲ್ಲಿ ಇದೆಂತ ಕಸ ಗುಡಿಸೂ ಹಿಡಿಕಡ್ಡಿ” ಎಂದು ಅದನ್ನು ಕಿತ್ತು ಆಚೆ ಎಸೆದಳು. ಬಾಲದ ತುದಿ ಕೈಗೆ ಸಿಕ್ಕಿತು. ಸಡಿಲಾಗಿದೆ, ಮೊದಲು ಸ್ವಲ್ಪ ಬಿಗಿ ಮಾಡೋಣ ಎಂದು ಎಳೆದಳು. ಎಳೆದಷ್ಟೂ ಬಂತು. ಇನ್ನೂ ಸಡಿಲ ಇದೆಯಲ್ಲ ಎಂದು ಇನ್ನೂ ಎಳೆದಳು. ಮೊದಲ ನೀಲಿ ಚೌಕ ಕಳಚಿ ವರನ ಸೋದರಮಾವನ ಜರಿ ರುಮಾಲಿನ ಮೇಲೆ ಕೂತಿತು. ಅದರ ಹಿಂದೆ ಹಸಿರು, ಅದರ ಹಿಂದೆ ಬಾಳೆಹೂವಿನ ಬಣ್ಣದ್ದು. ಜನ ಹೋ ಎಂದು ಕೂಗಿದ್ದಕ್ಕೆ ತಿಮ್ಮಕ್ಕ ಬೆದರಿ ಕೈ ಹಿಂದಕ್ಕೆ ಜಗ್ಗಿದಳು. ಸು ಬಿತ್ತು. ಸ್ವಾ ಬಿತ್ತು. ದೇವಿಯಮ್ಮ ಓಡಿಬಂದು ಅವಳ ಕೈ ಹಿಡಿದುಕೊಂಡದ್ದರಿಂದ ಉಳಿದದ್ದು ಉಳಿಯಿತು.

ಉಳಿದದ್ದೇ ಕಷ್ಟಕ್ಕೆ ಬಂತು. ವಾಲಗದವರು ಬಾರಿಸುವುದು ನಿಲ್ಲಿಸಿದರು. ಭಟ್ಕಳದಿಂದ ತಾರಿ ದಾಟಿ, ಬಿಸಿಲಲ್ಲಿ ಬೆವರಿ ಬಂದ ಬೀಗರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಅವರಲ್ಲಿ ಅಕ್ಷರ ಕೂಡಿಸಿ ಓದಲು ಹೊಸದಾಗಿ ಕಲಿತ ಒಂದು ಪುಟ್ಟ ಹುಡುಗಿ ಗಟ್ಟಿಯಾಗಿ ಓದಿತು: “ಗ... ತ. ಗತ!”

ಮದುವೆಯ ಬಾಗಿಲ ಮೇಲೆ, ಹಳದಿಯ ನೆಲದಲ್ಲಿ, ಕೆಂಪು ಅಕ್ಷರಗಳಲ್ಲಿ.

ವರನ ತಾಯಿಯ ಮುಖ ಬಿಳಚಿತು. ಯಾರೋ ಅಪಶಕುನ ಎಂದರು, ಯಾರೋ ಶ್ ಎಂದರು. ದೇವಿಯಮ್ಮನ ದನಿ ಹಿತ್ತಲಿನವರೆಗೂ ಕೇಳಿಸಿತು. “ಎಲ್ಲಿ ಅದು? ದುರ್ಗಿ ಎಲ್ಲಿ? ಕರೀರಿ ಅದನ್ನ!”

ಬೆಳ್ಳಿ ಏದುಸಿರು ಬಿಡುತ್ತ ಬಂದು ಸೆರಗು ಹಿಡಿದು ಎಳೆಯಿತು. ದುರ್ಗಿ ಮನೆಯ ಒಳಗಿಂದ, ರಂಗೋಲಿ ಹಾಕಿದ ನಡುಮನೆ ದಾಟಿ, ಮುಂಬಾಗಿಲಿಗೆ ಬಂದಳು. ಅಲ್ಲಿಯವರೆಗೆ ಬರಲು ಅವಳಿಗೆ ಹಿಂದೆಂದೂ ಯಾರೂ ಹೇಳಿರಲಿಲ್ಲ. ಬಿಳಿ ಸೀರೆಯನ್ನು ಕಂಡು ಕೆಲವು ಹೆಂಗಸರು ಹಿಂದಕ್ಕೆ ಸರಿದರು. ಅವಳಿಗೆ ಅದೆಲ್ಲ ಕಣ್ಣಿಗೆ ಬೀಳಲಿಲ್ಲ. ಅವಳು ನೋಡಿದ್ದು ಮಣ್ಣಿನಲ್ಲಿ ಬಿದ್ದ ತನ್ನ ಚೌಕಗಳನ್ನು, ಅವುಗಳ ಮೇಲೆ ಓಡಾಡುತ್ತಿದ್ದ ಕಾಲುಗಳನ್ನು. ಒಂದು ಮಗು ಹಸಿರು ಚೌಕವನ್ನು ತಲೆಗೆ ಇಟ್ಟುಕೊಂಡಿತ್ತು.

“ಎಂತ ಮಾಡಿಟ್ಟೆ ನೀನು?” ದೇವಿಯಮ್ಮ ಎದುರಿಗೆ ಬಂದು ನಿಂತಳು. “ಮಗಳ ಮದುವೆ ದಿನ ಬೇಕಂತಲೇ ಮಾಡಿದ್ಯಾ?”

“ಬೇಕಂತ ಮಾಡೂಕೆ ಇಷ್ಟು ದಿನ ಕಣ್ಣು ಕೆಡಿಸಿಕೊಳ್ಬೇಕಿತ್ತಾ ನಾನು?” ದುರ್ಗಿಯ ದನಿಯೂ ಏರಿತು. ತುಂಬಿದ ಸಭೆಯಲ್ಲಿ ಅಷ್ಟು ಗಟ್ಟಿಯಾಗಿ ಮಾತಾಡಿದ್ದು ಅವಳಿಗೇ ಆಮೇಲೆ ಆಶ್ಚರ್ಯ. “ಗಿಳಿ ಅಂದ್ರಿ, ಮಾಡಿದೆ. ಆನೆ ಅಂದ್ರಿ, ಮಾಡಿದೆ. ಬಿಚ್ಚು ಅಂದ್ರಿ, ಬಿಚ್ಚಿದೆ. ಒಂದು ಗಂಟು ಹಾಕಿಬಿಡ್ತೆ ಅಂದ್ರೆ ಬೇಡ ಅಂದ್ರಿ. ಹ್ಯಾಂಗೆ ಹಾಕೂದು ತೋರಿಸ್ತೆ ಅಂದ್ರೆ ಅದೂ ಬೇಡ. ಈಗ ಕರೀತ್ರಿ. ನಾನು ಅದನ್ನ ಮುಟ್ಬೇಕಾ, ಮುಟ್ಬಾರ್ದಾ? ಅದೊಂದು ಹೇಳಿ ಮೊದಲು. ನಂಗೆ ಸಾಕಾಗಿ ಹೋಯ್ತು.”

ಪುರೋಹಿತರು ಮುಹೂರ್ತದ ಯೋಚನೆಯಲ್ಲಿ ಆಕಾಶ ನೋಡುತ್ತಿದ್ದರು. ದೇವಿಯಮ್ಮ ಗಂಡನ ಮುಖ ನೋಡಿದಳು, ತ್ರ್ಯಂಬಕರು ಚಪ್ಪರದ ಕಂಬ ನೋಡಿದರು. ಆಗ ಬೆಂಚಿನ ಮೇಲಿಂದ ತಿಮ್ಮಕ್ಕನ ದನಿ ಬಂತು. ಸುತ್ತುಸುತ್ತು ಉಲ್ಲನ್ ಅವಳ ಬಳೆಗಳಿಗೆ ಸಿಕ್ಕಿಕೊಂಡಿತ್ತು.

“ಅದನ್ನ ಎಂತಕ್ಕೆ ಬಯ್ತೆ ದೇವಿ? ಎಳೆದದ್ದು ನಾನು. ಕಡ್ಡಿ ಕಿತ್ತು ಒಗೆದದ್ದೂ ನಾನು. ಬಾ ಮಾರಾಯ್ತಿ, ಬೇಗ ಹತ್ತು. ಹಾಕು ಗಂಟು.”

“ಅತ್ತಿಗೆ, ಮದುವೆ ತೋರಣಕ್ಕೆ ಅದು...” ದೇವಿಯಮ್ಮ ದುರ್ಗಿಯ ಬಿಳಿ ಸೀರೆಯ ಕಡೆ ನೋಡಿದಳು.

“ಅದು ಎಂತ? ಬಾಗ್ಲಲ್ಲಿ ಗತ ಅಂತ ನೇತು ಹಾಕ್ಕಂಡು ಮಗಳಿಗೆ ಧಾರೆ ಎರೀತೆಯಾ? ಅದಕ್ಕಿಂತ ಇದು ಕೆಟ್ಟದ್ದಾ?”

ದುರ್ಗಿ ಬೆಂಚು ಹತ್ತಿದಳು. ಬೆಳ್ಳಿ ಚೌಕಗಳನ್ನು ಒಂದೊಂದಾಗಿ ಆಯ್ದು, ಮಣ್ಣು ಕೊಡವಿ ಕೊಟ್ಟಿತು. ರುಮಾಲಿನ ಮೇಲಿದ್ದದ್ದನ್ನು ವರನ ಸೋದರಮಾವ ತಾನೇ ತೆಗೆದುಕೊಟ್ಟ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಹಿತ್ತಾಳೆ ಕಡ್ಡಿಯಿಂದ ದುರ್ಗಿ ಸ್ವಾ ಕೂಡಿಸಿದಳು, ಸು ಕೂಡಿಸಿದಳು, ಬಣ್ಣದ ಚೌಕಗಳನ್ನು ಕೂಡಿಸಿದಳು. ಇಡೀ ದಿಬ್ಬಣ ಬಿಸಿಲಲ್ಲಿ ನಿಂತು ಅವಳ ಕೈಯನ್ನೇ ನೋಡುತ್ತಿತ್ತು. ಎಡತುದಿಗೆ ಬಂದಾಗ ಅವಳು ತಡಮಾಡಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಬಾಲವನ್ನು ಕುಣಿಕೆಯೊಳಗೆ ತೂರಿಸಿ ಬಿಗಿದಳು. ಸಮಾಧಾನವಾಗದೆ ಇನ್ನೊಂದು ಗಂಟು ಹಾಕಿದಳು. ಮಿಕ್ಕ ಎಳೆಯನ್ನು ಹಲ್ಲಿನಲ್ಲಿ ಕಡಿದು ಬೆಂಚಿನಿಂದ ಇಳಿದು, ಬಂದ ದಾರಿಯಲ್ಲೇ ಹಿತ್ತಲಿಗೆ ನಡೆದಳು. ಹಿಂದೆ ವಾಲಗ ಮತ್ತೆ ಶುರುವಾಯಿತು. ಅವಳು ಸೌದೆಮನೆಯ ಬಾಗಿಲಲ್ಲಿ ಕುಳಿತು ಉಳಿದ ಬಾಳೆಲೆಗಳನ್ನು ಒರೆಸಿದಳು.

ಮದುವೆ ಸಾಂಗವಾಗಿ ಮುಗಿಯಿತು. ಊಟವಾದ ಮೇಲೆ ತಿಮ್ಮಕ್ಕ ಹಿತ್ತಲಿಗೆ ಬಂದು, ಕಡೆಯ ಗಂಟಿಗೆಂದು ತನಗೆ ಇಟ್ಟಿದ್ದ ಹಸಿರು ಖಣವನ್ನೂ ಕಾಯಿಯನ್ನೂ ದುರ್ಗಿಯ ಮಡಿಲಿಗೆ ಹಾಕಿದಳು. “ಗಂಟು ಹಾಕಿದವರಿಗೆ ಇದು” ಎಂದಳು ಅಷ್ಟೇ. ಅಂಥ ಹಸಿರನ್ನು ಮೈಮೇಲೆ ಹಾಕಿಕೊಳ್ಳುವ ಹಾಗಿಲ್ಲ. ಹಿಂದಕ್ಕೆ ಕೊಡಲೂ ಮನಸ್ಸಿಲ್ಲ. ಬಸ್ಸಿನಲ್ಲಿ ಹೊನ್ನಾವರ ಬರುವವರೆಗೂ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ನೇವರಿಸುತ್ತಿದ್ದಳು. ಮನೆಗೆ ಬಂದ ಮೇಲೆ ಹೊನ್ನಮ್ಮನ ಕಣ್ಣು ಅದರ ಮೇಲೆಯೇ ಸುಳಿಯುವುದನ್ನು ಕಂಡು, ತಕಾ ಎಂದು ಕೊಟ್ಟುಬಿಟ್ಟಳು. ಹೊನ್ನಮ್ಮ ರವಿಕೆ ಹೊಲಿಸಿ ತೊಟ್ಟು, ತೋಳು ಬಿಗಿಯಾಯಿತೆಂದು ತಿಂಗಳೆಲ್ಲ ಗೊಣಗಿದಳು.

ಕುಮಟೆಯ ಸುದ್ದಿ ಹೊನ್ನಾವರಕ್ಕೆ ದುರ್ಗಿಗಿಂತ ಮೊದಲೇ ಬಂದಿತ್ತು. ಇನ್ನು ಮದುವೆ ತೋರಣ ತನ್ನ ಹತ್ತಿರ ಬಂದರೆ ಕಡೆಯ ಗಂಟು ತಾನೇ ಹಾಕುವುದು, ಆಗದವರು ತಮ್ಮ ಸಿಕ್ಕುಗಂಟು ತಾವೇ ಇಟ್ಟುಕೊಳ್ಳಬಹುದು ಎಂದು ಅವಳು ಜಗಲಿಯಲ್ಲಿ ನಿಂತು ಸಾರಿದಳು. ಕೆಲವರು ಬರುವುದನ್ನು ಬಿಟ್ಟರು. ದುರ್ಗಿಗೆ ಸೊಕ್ಕು ಬಂತು ಎಂದರು. ಹೊನ್ನಮ್ಮ ಖಣಗಳು ನಿಂತುಹೋದದ್ದಕ್ಕೆ ಒಂದಷ್ಟು ದಿನ ಮುಖ ಉಬ್ಬಿಸಿಕೊಂಡಿದ್ದಳು. ಆದರೆ ಹೆಚ್ಚಿನವರು ಬಂದರು. ಬಂದವರು ಹೇಳಿದ್ದು ಕೇಳಿ ದುರ್ಗಿಗೆ ಇನ್ನಷ್ಟು ರೇಗಿತು.

“ಗಂಟು ನೀನೇ ಹಾಕು ದುರ್ಗಕ್ಕ. ಬೇರೆಯವರು ಹಾಕಿದ್ರೆ ಬಿದ್ದು ಹೋಗ್ತದಂತಲ್ಲ.”

“ಬೀಳ್ತದೆ ಅಂತ ಹೆದರಿ ಬಂದ್ರ್ಯಾ? ಹಾಗಾದ್ರೆ ಹೋಗಿ, ನಾನು ಮಾಡೂದಿಲ್ಲ.” ಹಾಗೆಂದು, ತಂದದ್ದನ್ನು ತೆಗೆದುಕೊಂಡು, ಮಾಡಿಕೊಟ್ಟಳು. ಅವರು ಯಾವ ಕಾರಣಕ್ಕೆ ಒಪ್ಪಿದರೂ ಗಂಟು ಅವಳದೇ ಆಗಿತ್ತು. ಮದುವೆಮನೆಗಳಿಗೆ ತೋರಣ ಕಟ್ಟಲು ಅವಳೇ ಹೋಗತೊಡಗಿದಳು. ಮುಂಬಾಗಿಲಲ್ಲಿ ನಿಂತು, ಎಡಕ್ಕೆ ಎತ್ತು, ಬಲಕ್ಕೆ ಇಳಿಸು ಎಂದು ಗಂಡಸರಿಗೆ ಗದರುವ ಅವಳ ದನಿಗೆ ಊರು ಒಗ್ಗಿಹೋಯಿತು.

ಯುದ್ಧ ಮುಗಿದ ಮೇಲೆ ಒಂದು ಮಧ್ಯಾಹ್ನ ದೇವಿಯಮ್ಮನ ಮಗಳು ಬಾಣಂತನಕ್ಕೆಂದು ಮುಂಬಯಿಯಿಂದ ತವರಿಗೆ ಬಂದಿದ್ದವಳು, ಕುಮಟೆಯಿಂದ ಹೊನ್ನಾವರಕ್ಕೆ ಬಂದಳು. ತುಂಬು ಬಸುರಿ, ಮೆಟ್ಟಿಲು ಹತ್ತಲು ದುರ್ಗಿಯೇ ಕೈ ಕೊಡಬೇಕಾಯಿತು. ತಾಯಿಗೆ ಹೇಳದೆ ಬಂದಿದ್ದೇನೆ ಎಂದು ನಕ್ಕಳು. ಹುಟ್ಟುವ ಮಗುವಿಗೆ ಮೊದಲ ಕುಲಾವಿ ದುರ್ಗಕ್ಕನ ಕೈಯದೇ ಆಗಬೇಕಂತೆ. ಚೀಲದಿಂದ ಅವಳು ಹೊರತೆಗೆದದ್ದು ಹೊಚ್ಚ ಹೊಸ ಉಲ್ಲನ್ನಿನ ಲಡಿ. ಒಂದೇ ಬಣ್ಣ, ಮೋಡವಿಲ್ಲದ ಆಕಾಶದ ಹಾಗೆ. ಎಲ್ಲೂ ಒಂದು ಗಂಟಿಲ್ಲ, ಒಂದು ಸಿಕ್ಕಿಲ್ಲ. ದುರ್ಗಿ ಅದನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದಳು. ಜೀವಮಾನದಲ್ಲಿ ಇಡೀ ಲಡಿಯೊಂದು ಅವಳ ಕೈಗೆ ಬಂದದ್ದು ಅದೇ ಮೊದಲು.

“ಸಾಕಾಗ್ತದಾ ದುರ್ಗಕ್ಕ?”

“ಸಾಕು, ಬೇಕಾದಷ್ಟಾತು.”

ಹುಡುಗಿ ಹೋದ ಮೇಲೆ ದುರ್ಗಿ ಕಡ್ಡಿ ಹಿಡಿದು ಕುಳಿತಳು. ಸಾಲು ಸಾಲಾಗಿ ಹೆಣಿಗೆ ಸರಾಗವಾಗಿ ಬರತೊಡಗಿತು, ಎಲ್ಲೂ ನಿಲ್ಲಬೇಕಾಗಲಿಲ್ಲ, ಏನೂ ಹುಡುಕಬೇಕಾಗಲಿಲ್ಲ. ಸ್ವಲ್ಪ ಹೊತ್ತಿನಲ್ಲೇ ಅವಳಿಗೆ ಬೇಸರ ಬಂತು. ನೀಲಿಯ ಮೇಲೆ ನೀಲಿ, ಅದರ ಮೇಲೆ ಮತ್ತೆ ನೀಲಿ. ಇದೆಂತ ಕರ್ಮ, ಮಗು ತಲೆಗೆ ಆಕಾಶ ಕಟ್ಟಿಕೊಂಡು ಮಲಗಬೇಕಾ ಎಂದು ಬಾಯಲ್ಲಿ ಬಯ್ಯುತ್ತ ಅವಳು ಎದ್ದಳು. ಕತ್ತಲೆಕೋಣೆಗೆ ಹೋಗಿ, ಗೆರಟೆಯೊಂದರಿಂದ ಗೇಣುದ್ದದ ಹಳದಿ ಎಳೆಯನ್ನು ಹುಡುಕಿ ತಂದು, ನೀಲಿಯ ಜೊತೆಗೆ ಕೂಡಿಸಿದಳು.